ಚಾಲೂ ಆಗಿ ಬಂದ್ ಬೀಳುವ ಗಾಡಿ

ಕೀ ತಿರುಗಿಸಿದ ಕೂಡಲೇ ಎಂಜಿನ್ ಚಾಲೂ ಆಗುತ್ತದೆ, ಎರಡು ಮೂರು ಸೆಕೆಂಡ್ ಓಡುತ್ತದೆ, ಬಂದ್ ಬೀಳುತ್ತದೆ. ಇನ್ನೊಮ್ಮೆ ಸೆಲ್ಫ್ ಹೊಡೆದರೂ ಅದೇ ಕಥೆ. ಪೂರ್ತಿ ಕೆಟ್ಟು ನಿಂತ ಗಾಡಿಯಾದರೆ ಮನಸ್ಸು ಗಟ್ಟಿ ಮಾಡಿಕೊಂಡು ಎಳೆಸಿಕೊಂಡು ಹೋಗಬಹುದು. ಇದು ಪ್ರತಿ ಸಲವೂ ಆಸೆ ಹುಟ್ಟಿಸಿ ಕೈಕೊಡುತ್ತದೆ. ಗದಗ ತಾಲ್ಲೂಕಿನ ಅಂತೂರ ಬೆಂತೂರದಂಥ ಊರಲ್ಲಿ ಇದರ ಖರ್ಚು ರಿಪೇರಿಗಿಂತ ಮೊದಲೇ ಶುರುವಾಗುತ್ತದೆ. ಗದಗ-ಬೆಟಗೇರಿಯ ಗ್ಯಾರೇಜಿನವರೆಗೆ ಗಾಡಿ ಎಳೆಸಬೇಕು, ಪಾರ್ಟು ಅಲ್ಲಿ ಸಿಗದಿದ್ದರೆ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಯಿಂದ ತರಿಸಬೇಕು. ಅಷ್ಟರಲ್ಲಿ ಒಂದು ಸಂತೆ, ಒಂದು ಆಸ್ಪತ್ರೆಯ ಓಡಾಟ, ಎಪಿಎಂಸಿಗೆ ಹೋಗಬೇಕಿದ್ದ ಒಂದು ದಿನ ತಪ್ಪಿರುತ್ತದೆ. ಇಷ್ಟರ ಮೇಲೆ ಪೆಟ್ರೋಲ್ ಪಂಪು ಬದಲಿಸಿ, ಅದರಿಂದ ಆಗದೆ ಪ್ಲಗ್ಗು ಬದಲಿಸಿ, ಅದರಿಂದಲೂ ಆಗದೆ ಸೆನ್ಸರ್ ಬದಲಿಸಿದ ಬಿಲ್ಲು ಬಂದರೆ, ಕೂಡಿಟ್ಟ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮನೆಗೆ ಅದು ಸಣ್ಣ ಪೆಟ್ಟಲ್ಲ. ಈ ಪೆಟ್ಟನ್ನು ಬಹಳ ಸಲ ತಪ್ಪಿಸಬಹುದು. ಚಾಲೂ ಆಗಿ ಬಂದ್ ಬೀಳುವ ಎಂಜಿನ್ ತನಗೇನಾಗಿದೆ ಎಂಬುದನ್ನು ಬಹುಪಾಲು ತಾನೇ ತೋರಿಸಿರುತ್ತದೆ. ಅದು ಓಡಿದ ಆ ಕೆಲವೇ ಸೆಕೆಂಡುಗಳನ್ನು ಸರಿಯಾಗಿ ಗಮನಿಸಿದರೆ ಪಾನಾ ಹಿಡಿಯುವ ಮೊದಲೇ ಕಾರಣಗಳ ಪಟ್ಟಿ ಒಂದೆರಡಕ್ಕೆ ಇಳಿಯುತ್ತದೆ. ಹಾಗೆ ಗಮನಿಸುವ ಅವಕಾಶ ಮಿಸ್ತ್ರಿಗಿಂತ ಗಾಡಿಯ ಮಾಲೀಕರಿಗೇ ಹೆಚ್ಚು.

ಮೊದಲು ಏನು ಕೆಟ್ಟಿಲ್ಲ ಎಂಬುದನ್ನು ಲೆಕ್ಕ ಹಾಕಬೇಕು. ಎಂಜಿನ್ ಒಮ್ಮೆ ಹತ್ತಿಕೊಂಡಿದೆ ಎಂದರೆ ಸ್ಟಾರ್ಟರ್ ತಿರುಗಿಸುವಷ್ಟು ಶಕ್ತಿ ಬ್ಯಾಟರಿಯಲ್ಲಿದೆ, ಟೈಮಿಂಗ್ ಬೆಲ್ಟು ಹರಿದಿಲ್ಲ, ಸಿಲಿಂಡರಿನಲ್ಲಿ ಕಂಪ್ರೆಷನ್ ಇದೆ, ಪ್ಲಗ್ಗಿನಲ್ಲಿ ಕಿಡಿ ಬಂದಿದೆ, ಸ್ವಲ್ಪವಾದರೂ ಪೆಟ್ರೋಲ್ ಒಳಗೆ ಹೋಗಿದೆ. ಎಂಜಿನ್ ಬಿಚ್ಚಿಸಬೇಕಾದಂಥ ದೊಡ್ಡ ಖರ್ಚುಗಳಲ್ಲಿ ಹೆಚ್ಚಿನವು ಇಲ್ಲಿಗೇ ದೂರವಾದವು. ಇನ್ನು ಉಳಿಯುವ ಪ್ರಶ್ನೆ, ಚಾಲೂ ಆಗುವಾಗ ಇದ್ದು ಆಮೇಲೆ ಇಲ್ಲವಾದದ್ದು ಯಾವುದು ಎಂಬುದು. ಎಂಜಿನ್ ಚಾಲೂ ಆಗುವ ರೀತಿಯೇ ಬೇರೆ, ಓಡುವ ರೀತಿಯೇ ಬೇರೆ. ಸೆಲ್ಫ್ ತಿರುಗುವಾಗ ಗಾಡಿಯ ಕಂಪ್ಯೂಟರ್, ಅಂದರೆ ಇಸಿಯು, ಗಾಳಿಯ ದಾರಿಯನ್ನು ಹೆಚ್ಚು ತೆರೆದು ಪೆಟ್ರೋಲನ್ನೂ ಧಾರಾಳವಾಗಿ ಸಿಂಪಡಿಸುತ್ತದೆ. ಎಂಜಿನ್ ಹತ್ತಿಕೊಂಡ ಮರುಕ್ಷಣದಿಂದ ಆ ಧಾರಾಳತನ ಇಳಿಯುತ್ತ ಬಂದು, ಸೆನ್ಸರುಗಳು ಹೇಳಿದ ಲೆಕ್ಕದ ಮೇಲೆ ಓಟ ಸಾಗುತ್ತದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಕಾರ್ಬ್ಯುರೇಟರ್ ಕಾಲದಲ್ಲಿ ಈ ಕೆಲಸ ಚಾಲಕರ ಕೈಯಲ್ಲಿತ್ತು. ಚೋಕ್ ಎಳೆದು ಚಾಲೂ ಮಾಡಿ, ಎಂಜಿನ್ ಬಿಸಿಯಾಗುವುದನ್ನು ನೋಡಿಕೊಂಡು ನಿಧಾನವಾಗಿ ಒಳಗೆ ತಳ್ಳಬೇಕಿತ್ತು. 2000ನೇ ಇಸವಿಯ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಇಂಜೆಕ್ಷನ್ ಬಂತು, ಚೋಕ್ ಹಿಡಿಯುವ ಕೈ ಕಂಪ್ಯೂಟರಿನದ್ದಾಯಿತು. ಆ ಕೈ ತಪ್ಪುವ ಹೊತ್ತಿಗೇ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎಷ್ಟು ಸೆಕೆಂಡಿಗೆ ಬಂದ್ ಬಿತ್ತು, ಹೇಗೆ ಬಂದ್ ಬಿತ್ತು, ರೇಸ್ ಕೊಟ್ಟರೆ ಉಳಿಯಿತೇ, ತಣ್ಣಗಿದ್ದಾಗ ಮಾತ್ರವೇ, ಯಾವುದರ ಬೆನ್ನಿಗೆ ಶುರುವಾಯಿತು, ಇವೆಲ್ಲ ಸಾಕ್ಷಿಗಳು.

ಸ್ವಿಚ್ ಒತ್ತಿದಂತೆ ಪಟ್ಟನೆ ಬಂದ್ ಬೀಳುವುದು ಒಂದು ಬಗೆ. ಒಂದೆರಡು ಸೆಕೆಂಡ್ ಚೆನ್ನಾಗಿಯೇ ಓಡಿ, ತಡವರಿಸದೆ, ಪ್ರತಿ ಸಲವೂ ಅದೇ ಅಳತೆಗೆ ನಿಲ್ಲುತ್ತಿದ್ದರೆ ಮೊದಲು ಡ್ಯಾಶ್‌ಬೋರ್ಡ್ ನೋಡಬೇಕು. ಕೀ ಅಥವಾ ಬೀಗದ ಗುರುತಿನ ದೀಪ ಮಿಣುಕುತ್ತಿದ್ದರೆ ಅದು ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೆಲಸ. ಕೀಯೊಳಗಿನ ಚಿಪ್ಪನ್ನು ಗಾಡಿ ಗುರುತಿಸದಿದ್ದರೆ ಕೆಲವು ಮಾದರಿಗಳಲ್ಲಿ ಎಂಜಿನ್ ಹತ್ತುವುದೇ ಇಲ್ಲ, ಇನ್ನು ಕೆಲವದರಲ್ಲಿ ಹತ್ತಿ ಆರುತ್ತದೆ. ಮನೆಯಲ್ಲಿರುವ ಇನ್ನೊಂದು ಕೀಯಿಂದ ಚಾಲೂ ಮಾಡಿ ನೋಡುವುದಕ್ಕೆ ಬಿಡಿಗಾಸು ಖರ್ಚಿಲ್ಲ. ಸೆಲ್ಫ್‌ನಿಂದ ಕೈ ಬಿಟ್ಟು ಕೀ ಹಿಂದಕ್ಕೆ ಬಂದ ಕ್ಷಣಕ್ಕೇ ಸರಿಯಾಗಿ ಬಂದ್ ಬೀಳುತ್ತಿದ್ದರೆ, ಹಳೆಯ ಗಾಡಿಗಳಲ್ಲಿ ಇಗ್ನಿಷನ್ ಸ್ವಿಚ್ಚಿನ ಒಳಗಿನ ತಾಮ್ರದ ಸಂಪರ್ಕಗಳು ಸವೆದಿರುವ ಸಾಧ್ಯತೆ ಹೆಚ್ಚು. ಸ್ಟಾರ್ಟ್ ಸ್ಥಾನದಲ್ಲಿ ಕರೆಂಟ್ ಹೋಗುತ್ತದೆ, ಆನ್ ಸ್ಥಾನದಲ್ಲಿ ಹೋಗುವುದಿಲ್ಲ. ಕೀಯನ್ನು ಸ್ವಲ್ಪ ಅಲ್ಲಾಡಿಸಿದಾಗ ಡ್ಯಾಶ್‌ಬೋರ್ಡಿನ ದೀಪಗಳು ಹೊತ್ತಿ ಆರಿದರೆ ಬೇರೆ ಪುರಾವೆ ಬೇಡ.

ಉಸಿರುಗಟ್ಟಿದಂತೆ ನಿಧಾನವಾಗಿ ಸೋತು ನಿಲ್ಲುವುದು ಇನ್ನೊಂದು ಬಗೆ. ಅದರಲ್ಲಿ ಮೊದಲ ಅನುಮಾನ ಪೆಟ್ರೋಲಿನ ಒತ್ತಡದ ಮೇಲೆ. ಇಂಜೆಕ್ಷನ್ ಗಾಡಿಯ ಪಂಪು ಸಾಮಾನ್ಯವಾಗಿ ಟ್ಯಾಂಕಿನ ಒಳಗೇ, ಹಿಂದಿನ ಸೀಟಿನ ಕೆಳಗೆ ಇರುತ್ತದೆ. ಕೀಯನ್ನು ಆನ್ ಮಾಡಿ ಸೆಲ್ಫ್ ಹೊಡೆಯದೆ ಹಾಗೇ ಬಿಟ್ಟರೆ ಅದು ಸುಮಾರು 2 ಸೆಕೆಂಡ್ ಗುಂಯ್ ಎಂದು ಓಡಿ ಒತ್ತಡ ತುಂಬಿಸಿ ನಿಲ್ಲುತ್ತದೆ. ಎಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳಿದ ಮೇಲೆಯೇ ಇಸಿಯು ಅದನ್ನು ಮತ್ತೆ ಓಡಿಸುತ್ತದೆ. ಪಂಪು ಸೋತಿದ್ದರೆ, ಅಥವಾ ಎರಡನೇ ಸಲ ರಿಲೇ ಕೂರದಿದ್ದರೆ, ಬೋರ್‌ವೆಲ್ ಮೋಟರ್ ಬಂದ್ ಮಾಡಿದ ಮೇಲೂ ಪೈಪಿನಲ್ಲಿ ಉಳಿದ ನೀರು ಒಂದು ಗಳಿಗೆ ಸುರಿಯುವಂತೆ, ಪೈಪಿನಲ್ಲಿ ಉಳಿದ ಪೆಟ್ರೋಲಿನಿಂದ ಎಂಜಿನ್ ಓಡಿ ನಿಲ್ಲುತ್ತದೆ. ಇದನ್ನು ತಿಳಿಯಲು ಉಪಕರಣ ಬೇಕಿಲ್ಲ. ಬೆಳಿಗ್ಗೆ ಊರು ಸದ್ದಿಲ್ಲದಿರುವಾಗ ಹಿಂದಿನ ಸೀಟಿಗೆ ಕಿವಿ ಕೊಟ್ಟು ಒಬ್ಬರು ಕೂರಬೇಕು, ಮುಂದೆ ಇನ್ನೊಬ್ಬರು ಕೀ ತಿರುಗಿಸಬೇಕು. ಸದ್ದೇ ಇಲ್ಲವೆಂದರೆ ಫ್ಯೂಸು, ರಿಲೇ, ಪಂಪು, ಈ ಅನುಕ್ರಮದಲ್ಲಿ ನೋಡಬೇಕು. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಸದ್ದು ಇದ್ದೂ ಅನುಮಾನ ಉಳಿದರೆ ಕೀಯನ್ನು ಮೂರು ನಾಲ್ಕು ಸಲ ಆನ್ ಆಫ್ ಮಾಡಿ, ಪ್ರತಿ ಸಲ ಪಂಪು ನಿಲ್ಲುವವರೆಗೆ ಕಾದು, ಆಮೇಲೆ ಚಾಲೂ ಮಾಡಬೇಕು. ಮೊದಲಿಗಿಂತ ಹೆಚ್ಚು ಹೊತ್ತು ಓಡಿದರೆ ಒತ್ತಡ ಕಡಿಮೆ ಬೀಳುತ್ತಿದೆ ಎಂದರ್ಥ. ಕೊನೆಯ ತೀರ್ಮಾನ ಗೇಜಿನದ್ದು. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ 3ರಿಂದ 4 ಬಾರ್ ಒತ್ತಡ ಇರಬೇಕು. ಸಾವಿರಾರು ರೂಪಾಯಿಯ ಪಂಪು ಹಾಕಿಸುವ ಮೊದಲು ಗೇಜು ಹಚ್ಚಿ ತೋರಿಸಿ ಎಂದು ಕೇಳುವುದು ಮಾಲೀಕರ ಹಕ್ಕು.

ರೇಸ್ ಕೊಟ್ಟರೆ ಓಡುತ್ತದೆ, ಕಾಲು ತೆಗೆದರೆ ಬಂದ್ ಬೀಳುತ್ತದೆ ಎಂದಾದರೆ ದಾರಿಯೇ ಬೇರೆ. ಜೋರಾಗಿ ಓಡುವಾಗ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕು. ಅಲ್ಲಿ ಓಡಿ ಸ್ಲೋ ಸ್ಪೀಡಿನಲ್ಲಿ ನಿಲ್ಲುತ್ತಿದೆ ಎಂದರೆ ಪಂಪಿನ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು, ಕೊರತೆ ಗಾಳಿಯದ್ದು. ಕಾಲು ತೆಗೆದಾಗ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅದರ ಅಂಚಿನ ಕೂದಲೆಳೆಯ ಸಂದಿನಿಂದ, ಇಲ್ಲವೆ ಪಕ್ಕದ ಸಣ್ಣ ವಾಲ್ವಿನಿಂದ ನುಸುಳುವ ಗಾಳಿಯ ಮೇಲೇ ಎಂಜಿನ್ ಉಸಿರಾಡಬೇಕು. ಏರ್ ಫಿಲ್ಟರಿನಿಂದ ಬರುವ ಪೈಪನ್ನು ಬಿಚ್ಚಿ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಆ ತಟ್ಟೆಯ ಸುತ್ತ ಕಾಡಿಗೆಯಂಥ ಕಪ್ಪು ಉಂಗುರ ಕಟ್ಟಿರುವುದು ಕಾಣುತ್ತದೆ. ಎಂಜಿನ್ನಿನ ಆಯಿಲ್ ಹಬೆ ಅಂಟು ಹಿಡಿಸುತ್ತದೆ, ಫಿಲ್ಟರ್ ದಾಟಿ ಬಂದ ನುಣ್ಣನೆಯ ಧೂಳು ಅದರ ಮೇಲೆ ಕೂರುತ್ತದೆ. ಗದಗ ಸೀಮೆಯಲ್ಲಿ ಧೂಳಿಗೆ ಬರವಿಲ್ಲ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಬೇಸಿಗೆಯಲ್ಲಿ ಎರೆಹೊಲದ ಮಣ್ಣನ್ನೂ, ಹೆಸರು ಕಡಲೆಗಳ ರಾಶಿ ಕಾಲದಲ್ಲಿ ಹೊಟ್ಟನ್ನೂ ಹೊತ್ತು ತರುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಮುಟ್ಟುವವರೆಗೆ ಫಿಲ್ಟರ್ ಕಾಯಬಹುದು ಎಂಬ ಲೆಕ್ಕ ಡಾಂಬರು ರಸ್ತೆಯ ಗಾಡಿಗೆ ಸರಿ, ಹೊಲದ ದಾರಿಯ ಗಾಡಿಗೆ ಅಲ್ಲ. ಥ್ರಾಟಲ್ ಬಾಡಿ ತೊಳೆಯುವುದು ಕಡಿಮೆ ಖರ್ಚಿನ ಕೆಲಸ. ಆದರೆ ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಗಾಡಿಯಲ್ಲಿ ಎಷ್ಟು ಸಂದಿಗೆ ಎಷ್ಟು ಗಾಳಿ ಎಂಬ ಲೆಕ್ಕವನ್ನು ಇಸಿಯು ಕಲಿತಿಟ್ಟುಕೊಂಡಿರುತ್ತದೆ. ತೊಳೆದ ಮೇಲೆ, ಅಥವಾ ಬ್ಯಾಟರಿ ತೆಗೆದು ಹಾಕಿದ ಮೇಲೆ, ಕೆಲವು ಗಾಡಿಗಳಿಗೆ ಅದನ್ನು ಮತ್ತೆ ಕಲಿಸಬೇಕಾಗುತ್ತದೆ. ಹೊಸ ಬ್ಯಾಟರಿ ಹಾಕಿಸಿದ ಮರುದಿನದಿಂದ ಬಂದ್ ಬೀಳಲು ಶುರುವಾದ ಗಾಡಿಯಲ್ಲಿ ಇದನ್ನೇ ಮೊದಲು ನೋಡಬೇಕು.

ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಬಂದ್ ಬಿದ್ದು, ಹೇಗೋ ಐದು ನಿಮಿಷ ಓಡಿಸಿದ ಮೇಲೆ ದಿನವಿಡೀ ಸರಿ ಇರುವ ಗಾಡಿಯಲ್ಲಿ ಅನುಮಾನ ಹೋಗಬೇಕಾದದ್ದು ಕೂಲಂಟ್ ಉಷ್ಣತೆಯ ಸೆನ್ಸರಿನ ಕಡೆಗೆ. ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಎಂಜಿನ್ ಆಗಲೇ ಬಿಸಿಯಾಗಿದೆ ಎಂದು ಸೆನ್ಸರ್ ತಪ್ಪು ಸುದ್ದಿ ಕೊಟ್ಟರೆ ಇಸಿಯು ಪೆಟ್ರೋಲ್ ಕಡಿತ ಮಾಡುತ್ತದೆ. ಈ ಸೆನ್ಸರಿನ ರೆಸಿಸ್ಟನ್ಸ್ ಹಲವು ಗಾಡಿಗಳಲ್ಲಿ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಇರುತ್ತದೆ. ಮೋಟರ್ ರಿವೈಂಡಿಂಗ್ ಮಾಡುವವರ ಬಳಿಯ ಮಲ್ಟಿಮೀಟರ್ ಸಾಕು ಇದನ್ನು ಅಳೆಯಲು. ಇನ್ನು ಗಾಳಿಯ ಸೋರಿಕೆಯ ವಿಷಯ. ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ಇಲಿಗಳೂ ಬರುತ್ತವೆ, ವಾರಗಟ್ಟಲೆ ನಿಂತ ಕಾರಿನ ಬಾನೆಟ್ಟಿನೊಳಗೆ ಅವುಗಳಿಗೆ ಬೆಚ್ಚನೆಯ ಜಾಗ. ಅವು ಕಡಿದ ರಬ್ಬರ್ ಪೈಪಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಗಾಳಿಯ ಪ್ರಮಾಣವನ್ನೇ ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಅದು ಚಾಲೂ ಆಗಿ ಬಂದ್ ಬೀಳುತ್ತದೆ. ಒತ್ತಡ ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಬಂದ್ ಬೀಳುವ ಬದಲು ಸ್ಲೋ ಸ್ಪೀಡೇ ಏರಿ ಕೂರುವುದುಂಟು. ಒಂದೇ ಇಲಿ, ಒಂದೇ ಪೈಪು, ಎರಡು ಗಾಡಿಯಲ್ಲಿ ಎರಡು ಲಕ್ಷಣ. ಪಕ್ಕದ ಮನೆಯ ಗಾಡಿಗೆ ಆದ ರಿಪೇರಿಯನ್ನೇ ನಮ್ಮ ಗಾಡಿಗೂ ಮಾಡಿಸುವುದು ಅದಕ್ಕೇ ಸರಿಬರುವುದಿಲ್ಲ.

ಹೀಗೆ ಗಮನಿಸಿ ಕಾರಣ ಹುಡುಕಬೇಕು ಎಂಬ ಮಾತಿಗೆ ಬಹಳ ಜನ ಎತ್ತುವ ಮೊದಲ ಆಕ್ಷೇಪ ಪೆಟ್ರೋಲಿನದ್ದು: ಇಷ್ಟೆಲ್ಲ ಯಾಕೆ, ಈಗಿನ ಪೆಟ್ರೋಲೇ ಸರಿಯಿಲ್ಲ. ಇದರಲ್ಲಿ ಹುರುಳಿದೆ. 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಎಲ್ಲ ಕಡೆ ಅದೇ. ಎಥನಾಲ್ ನೀರನ್ನು ಹೀರುತ್ತದೆ. ಹೀರಿದ ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಹೀರುವುದೂ ತಳದಿಂದಲೇ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ, ಹಳೆಯ ರಬ್ಬರ್ ಪೈಪುಗಳ ಗಾಡಿಯಲ್ಲಿ ಇದು ಕಡೆಗಣಿಸುವ ವಿಷಯವಲ್ಲ. ಆದರೆ ಪೆಟ್ರೋಲ್ ಕೆಟ್ಟಿದೆ ಎಂಬುದನ್ನೂ ಪರೀಕ್ಷಿಸಬಹುದು. ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿದು, ಬೆಂಕಿಯಿಂದ ದೂರ ಅರ್ಧ ಗಂಟೆ ಅಲುಗದಂತೆ ಇಟ್ಟರೆ ತಳದಲ್ಲಿ ಬೇರೆ ಪದರ ನಿಂತದ್ದು ಕಣ್ಣಿಗೇ ಕಾಣುತ್ತದೆ. ಪದರವಿಲ್ಲದಿದ್ದರೆ, ಅದೇ ಬಂಕಿನಲ್ಲಿ ಅದೇ ದಿನ ತುಂಬಿಸಿದ ಬೇರೆ ಗಾಡಿಗಳು ಸರಿ ಓಡುತ್ತಿದ್ದರೆ, ಪೆಟ್ರೋಲಿನ ಮೇಲೆ ಹೊರಿಸಿದ ಆರೋಪ ನಿಲ್ಲುವುದಿಲ್ಲ.

ಪೆಟ್ರೋಲ್ ಹಾಕಿಸಿದ ಕೂಡಲೇ ತೊಂದರೆ ಶುರುವಾಗುತ್ತದಲ್ಲ ಎಂಬ ಮಾತು ನಿಜವೇ. ಪೆಟ್ರೋಲ್ ಶುದ್ಧವಾಗಿದ್ದರೂ ಹಾಗಾಗಲು ಕಾರಣವಿದೆ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಹಬೆ ಹೊರಗಿನ ಗಾಳಿಗೆ ಸೇರದಂತೆ ಅದನ್ನು ಇದ್ದಿಲು ತುಂಬಿದ ಒಂದು ಡಬ್ಬಿ ಹಿಡಿದಿಡುತ್ತದೆ. ಎಂಜಿನ್ ಬಿಸಿಯಾಗಿ ಓಡುವಾಗ ಇಸಿಯು ಪರ್ಜ್ ವಾಲ್ವ್ ಎಂಬ ಸಣ್ಣ ವಾಲ್ವನ್ನು ತೆರೆದು ಆ ಹಬೆಯನ್ನು ಎಂಜಿನ್ನಿಗೇ ಕೊಟ್ಟು ಸುಡಿಸುತ್ತದೆ. ಚಾಲೂ ಆಗುವಾಗ ಈ ವಾಲ್ವ್ ಮುಚ್ಚಿರಬೇಕು. ಅದು ತೆರೆದೇ ಸಿಕ್ಕಿಕೊಂಡರೆ ಟ್ಯಾಂಕ್ ತುಂಬಿಸಿದಾಗ ಎದ್ದ ದಟ್ಟ ಹಬೆ ನೇರವಾಗಿ ಎಂಜಿನ್ನಿಗೆ ನುಗ್ಗಿ, ಬೇಡದಷ್ಟು ಪೆಟ್ರೋಲಾಗಿ, ಎಂಜಿನ್ ಒದ್ದಾಡಿ ನಿಲ್ಲುತ್ತದೆ. ಬಂಕಿನಲ್ಲಿ ನಳಿಕೆ ಟಕ್ ಎಂದು ತಾನೇ ನಿಂತ ಮೇಲೂ ರೂಪಾಯಿ ಲೆಕ್ಕ ಸರಿ ಮಾಡಲು ಇನ್ನಷ್ಟು ಸುರಿಸಿಕೊಳ್ಳುವ ರೂಢಿಯಿಂದ ಆ ಡಬ್ಬಿಗೆ ಪೆಟ್ರೋಲೇ ಇಳಿದು ಅದೂ ವಾಲ್ವೂ ಹಾಳಾಗುತ್ತವೆ. ಈ ಅನುಮಾನ ಬಂದಾಗ ವಾಲ್ವಿನಿಂದ ಎಂಜಿನ್ನಿಗೆ ಹೋಗುವ ತೆಳು ಪೈಪನ್ನು ಚಿಮಟಿಗೆಯಿಂದ ಒತ್ತಿ ಹಿಡಿದು ಚಾಲೂ ಮಾಡಬೇಕು. ಆಗ ಓಡಿ, ಬಿಟ್ಟರೆ ನಿಂತರೆ, ತಪ್ಪು ಬಂಕಿನದ್ದಲ್ಲ, ವಾಲ್ವಿನದ್ದು.

ಎರಡನೆಯ ಆಕ್ಷೇಪ ಸ್ಕ್ಯಾನರ್ ಹಿಡಿದವರದ್ದು: ಈಗ ಮಷಿನ್ ಹಚ್ಚಿದರೆ ಕೋಡ್ ಬರುತ್ತದೆ, ಊಹೆ ಯಾಕೆ. ಸ್ಟೇರಿಂಗಿನ ಕೆಳಗಿನ ಓಬಿಡಿ ಸಾಕೆಟ್ಟು ನಿಜಕ್ಕೂ ದೊಡ್ಡ ಅನುಕೂಲ, ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸಾಧನವೂ ಬಂದಿದೆ. ಆದರೆ ಯಾವ ಅಳತೆ ಮಿತಿ ಮೀರಿತು ಎಂಬುದನ್ನಷ್ಟೇ ಕೋಡ್ ಹೇಳುತ್ತದೆ, ಯಾವ ಪಾರ್ಟು ಕೆಟ್ಟಿತು ಎಂಬುದನ್ನಲ್ಲ. ಪಿ 0171 ಎಂಬ ಕೋಡ್ ಗಾಳಿಗೆ ತಕ್ಕ ಪೆಟ್ರೋಲ್ ಇಲ್ಲ ಎನ್ನುತ್ತದೆ. ಅದು ಸೋತ ಪಂಪಿನಿಂದಲೂ ಬರಬಹುದು, ಇಲಿ ಕಡಿದ ಪೈಪಿನಿಂದಲೂ ಬರಬಹುದು. ಬಹಳಷ್ಟು ಕೋಡುಗಳು ಎರಡು ಓಟಗಳಲ್ಲಿ ಒಂದೇ ತಪ್ಪು ಕಂಡ ಮೇಲಷ್ಟೇ ದೀಪ ಹೊತ್ತಿಸುತ್ತವೆ. ಮೂರು ಸೆಕೆಂಡಿಗೆ ನಿಂತ ಎಂಜಿನ್ ಅವುಗಳಿಗೆ ಪರೀಕ್ಷೆಗೆ ಸಮಯವನ್ನೇ ಕೊಟ್ಟಿರುವುದಿಲ್ಲ. ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲಿನ ಒತ್ತಡ ಅಳೆಯುವ ಸೆನ್ಸರೇ ಇರದ ಕಾರಣ ಪಂಪು ಸೋತರೂ ಕೋಡ್ ಬರದಿರಬಹುದು. ಕೋಡ್ ಇಲ್ಲ ಎಂದರೆ ತೊಂದರೆ ಇಲ್ಲ ಎಂದಲ್ಲ. ಇಲ್ಲಿ ಇನ್ನೊಂದು ಮಾತು ಒತ್ತಿ ಹೇಳಬೇಕು. ಗಾಡಿ ತಂಟೆ ಕೊಟ್ಟಾಗ ರಿಸೆಟ್ ಆಗಲಿ ಎಂದು ಬ್ಯಾಟರಿ ಟರ್ಮಿನಲ್ ತೆಗೆಯುವ ಅಭ್ಯಾಸ ಹಲವರಿಗಿದೆ. ಎಷ್ಟೋ ಗಾಡಿಗಳಲ್ಲಿ ಹಾಗೆ ಮಾಡಿದರೆ ಉಳಿದಿದ್ದ ಕೋಡುಗಳೂ, ಇಸಿಯು ಕಲಿತ ಲೆಕ್ಕವೂ ಅಳಿಸಿಹೋಗುತ್ತವೆ. ಪರೀಕ್ಷೆಗೆ ಮೊದಲೇ ಪುರಾವೆ ನಾಶ ಮಾಡಿದಂತಾಗುತ್ತದೆ.

ಡೀಸೆಲ್ ಗಾಡಿಗೆ ಈ ಪರ್ಜ್ ವಾಲ್ವು, ಕಿಡಿ ಹಾರಿಸುವ ಪ್ಲಗ್ಗುಗಳ ಚಿಂತೆ ಇಲ್ಲ. ಅಲ್ಲಿ ಮುಖ್ಯ ಶತ್ರು ಗಾಳಿ. ರಾತ್ರಿಯೆಲ್ಲ ನಿಂತಾಗ ಸಡಿಲ ಜಾಯಿಂಟಿನಿಂದ ಗಾಳಿ ಸೇರಿ ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಫಿಲ್ಟರ್ ಮತ್ತು ಪಂಪಿನಲ್ಲಿ ಉಳಿದದ್ದರಿಂದ ಎಂಜಿನ್ ಹತ್ತಿ, ಅದು ತೀರಿದ ಕೂಡಲೇ ನಿಲ್ಲುತ್ತದೆ. 2007ರಿಂದ 2020ರವರೆಗೆ ಬಂದ ಡೀಸೆಲ್ ಸ್ವಿಫ್ಟಿನಂಥ ಕಾಮನ್ ರೈಲ್ ಗಾಡಿಗಳು ಇಂದಿಗೂ ಹಳ್ಳಿಗಳಲ್ಲಿ ಓಡುತ್ತಿವೆ. ಇಂಥ ಎಂಜಿನ್ ಹತ್ತಬೇಕಾದರೇ ರೈಲಿನಲ್ಲಿ 200 ಬಾರ್‌ಗಿಂತ ಹೆಚ್ಚು ಒತ್ತಡ ಏರಬೇಕು, ಗಾಳಿಯ ಗುಳ್ಳೆ ಇದ್ದಲ್ಲಿ ಆ ಒತ್ತಡ ನಿಲ್ಲುವುದಿಲ್ಲ. ಹ್ಯಾಂಡ್ ಪಂಪು ಇರುವ ಗಾಡಿಯಾದರೆ ಅದು ಗಟ್ಟಿಯಾಗುವವರೆಗೆ ಒತ್ತಿ ಚಾಲೂ ಮಾಡಿದಾಗ ಚೆನ್ನಾಗಿ ಓಡಿ, ಮರುದಿನ ಬೆಳಿಗ್ಗೆ ಮತ್ತದೇ ಹಾಡಾದರೆ, ಏರ್ ಎಲ್ಲಿಂದ ತಗೊಳ್ಳುತ್ತಿದೆ ಎಂದು ಹುಡುಕಬೇಕೇ ಹೊರತು ಇಂಜೆಕ್ಟರಿಗೆ ಕೈ ಹಾಕಬಾರದು. ಫಿಲ್ಟರಿನ ನಂತರ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿದರೆ ಗುಳ್ಳೆ ಓಡುವುದು ಕಣ್ಣಿಗೇ ಬೀಳುತ್ತದೆ. ಆದರೆ ಎಂಜಿನ್ ಓಡುವಾಗ ರೈಲಿನ ಕಡೆಯ ಉಕ್ಕಿನ ಪೈಪುಗಳನ್ನು ಯಾರೂ ಸಡಿಲಿಸಬಾರದು. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಯಾವ ಗಾಡಿಯೇ ಇರಲಿ, ಬಾಗಿಲು ಹಾಕಿದ ಶೆಡ್ಡಿನಲ್ಲಿ ಪದೇ ಪದೇ ಚಾಲೂ ಮಾಡಿ ನೋಡುವುದೂ ಜೀವಕ್ಕೆ ಅಪಾಯ. ಸೈಲೆನ್ಸರಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ನುರಿತ ಮಿಸ್ತ್ರಿಗೆ ಈ ಉಪದೇಶವೆಲ್ಲ ಬೇಕೇ ಎಂಬುದು ಕೊನೆಯ ಆಕ್ಷೇಪ. ಈ ಮಾಡೆಲ್ಲಿಗೆ ಇದೇ ರೋಗ ಎಂದು ಸದ್ದು ಕೇಳಿಯೇ ಹೇಳುವವರು ಗದಗ-ಬೆಟಗೇರಿಯಲ್ಲೂ ಲಕ್ಷ್ಮೇಶ್ವರ, ಮುಂಡರಗಿಗಳಲ್ಲೂ ಇದ್ದಾರೆ, ಬಹಳ ಸಲ ಅವರ ಮಾತು ನಿಜವಾಗುತ್ತದೆ. ಅವರ ಅನುಭವ ದೊಡ್ಡದು. ಆದರೆ ಆ ಅನುಭವಕ್ಕೂ ಲಕ್ಷಣ ಕಣ್ಣ ಮುಂದೆ ಬರಬೇಕು. ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಮೂರು ಸಲ ಬಂದ್ ಬಿದ್ದ ಗಾಡಿ ಹೇಗೋ ಚಾಲೂ ಆಗಿ ಗ್ಯಾರೇಜ್ ಮುಟ್ಟುವಷ್ಟರಲ್ಲಿ ಬಿಸಿಯಾಗಿ ಒಂದೇ ಸಲಕ್ಕೆ ಹತ್ತುತ್ತದೆ. ಆಗ ಮಿಸ್ತ್ರಿಯ ಕೈಯಲ್ಲಿ ಉಳಿಯುವುದು ಊಹೆ ಮಾತ್ರ, ಊಹೆಯ ಖರ್ಚು ಮಾಲೀಕರದ್ದು. ಆದ್ದರಿಂದ ಗಾಡಿ ಗ್ಯಾರೇಜಿನಲ್ಲಿ ಒಂದು ರಾತ್ರಿ ತಣ್ಣಗೆ ನಿಲ್ಲಲಿ ಎಂದು ಕೇಳಬೇಕು. ಅದಾಗದಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಬೇಕು. ಕೀ ಆನ್ ಮಾಡುವ ಮುಂಚಿನಿಂದ ಶುರು ಮಾಡಿ, ಪಂಪಿನ ಸದ್ದು ಕೇಳುವಂತೆ ಎರಡು ಸೆಕೆಂಡ್ ಸುಮ್ಮನಿದ್ದು, ಡ್ಯಾಶ್‌ಬೋರ್ಡಿನ ದೀಪಗಳೂ ಆರ್‌ಪಿಎಂ ಮುಳ್ಳೂ ಕಾಣುವಂತೆ ಹಿಡಿದು ಸೆಲ್ಫ್ ಹೊಡೆಯಬೇಕು. ಒಂದು ಸಲ ರೇಸ್ ಕೊಡದೆ, ಇನ್ನೊಂದು ಸಲ ಕೊಟ್ಟು. ಕೊನೆಯ ಸಲ ಪೆಟ್ರೋಲ್ ಹಾಕಿಸಿದ್ದು, ಬ್ಯಾಟರಿ ಬದಲಿಸಿದ್ದು, ಗಾಡಿ ಎಷ್ಟು ದಿನ ನಿಂತಿತ್ತು ಎಂಬುದನ್ನು ಅದೇ ವಿಡಿಯೊದಲ್ಲಿ ಬಾಯಲ್ಲಿ ಹೇಳಿಬಿಡಬೇಕು. ಇದನ್ನು ಮೊದಲೇ ವಾಟ್ಸಾಪಿನಲ್ಲಿ ಕಳಿಸಿದರೆ, ಗಾಡಿ ಎಳೆಸಬೇಕೇ, ಅಥವಾ ಒಂದು ರಿಲೇ ಮತ್ತು ಪ್ರೆಶರ್ ಗೇಜು ಬ್ಯಾಗಿಗೆ ಹಾಕಿಕೊಂಡು ಬೈಕಿನಲ್ಲಿ ತಾವೇ ಊರಿಗೆ ಬಂದರೆ ಸಾಕೇ ಎಂದು ಮಿಸ್ತ್ರಿ ಅಲ್ಲಿಂದಲೇ ತೀರ್ಮಾನಿಸಬಹುದು.